ಕನ್ನಡಿಯ ಮುಖ, ಪಟದ ಮುಖ

ಮದುವೆಯ ಮನೆಯಿಂದಲೋ ಬೀಳ್ಕೊಡುಗೆಯ ಸಮಾರಂಭದಿಂದಲೋ ಒಂದು ಗುಂಪುಚಿತ್ರ ಕೈಗೆ ಬಂದಾಗ ನಮ್ಮ ಕಣ್ಣು ಮೊದಲು ಹುಡುಕುವುದು ಯಾರನ್ನು? ವಧೂವರರನ್ನಲ್ಲ, ನಡುವೆ ಹಾರ ಹಾಕಿಕೊಂಡು ಕುಳಿತ ಮುಖ್ಯ ಅತಿಥಿಯನ್ನೂ ಅಲ್ಲ. ಹಿಂದಿನ ಸಾಲಿನಲ್ಲಿ ಯಾರದೋ ಪೇಟದ ಮರೆಯಿಂದ ಇಣುಕುತ್ತಿರುವ ನಮ್ಮನ್ನೇ. ಹುಡುಕಿ ಕಂಡುಕೊಂಡ ಮರುಕ್ಷಣವೇ ಒಂದು ಸಣ್ಣ ನಿರಾಶೆ. ಉಳಿದವರೆಲ್ಲ ಇದ್ದಂತೆಯೇ ಬಿದ್ದಿದ್ದಾರೆ, ನಾನೊಬ್ಬ ಮಾತ್ರ ಸರಿಯಾಗಿ ಬಂದಿಲ್ಲ. ಪಕ್ಕದವರಿಗೆ ತೋರಿಸಿ ದೂರಿಕೊಂಡರೆ ಅವರು, “ಇಲ್ಲವಲ್ಲ, ನೀವು ಇರುವ ಹಾಗೇ ಬಂದಿದ್ದೀರಿ” ಎನ್ನುತ್ತಾರೆ. ಸಮಾಧಾನಕ್ಕೆಂದು ಆಡಿದ ಮಾತು ಇಷ್ಟು ಆಳವಾಗಿ ನಾಟುವುದು ಅಪರೂಪ. ಸ್ವಾರಸ್ಯವೆಂದರೆ, ಆ ಪಕ್ಕದವರಿಗೂ ತಮ್ಮ ಮುಖದ ಬಗ್ಗೆ ಇದೇ ದೂರು ಇರುತ್ತದೆ. ನಮ್ಮ ಕಣ್ಣಿಗೆ ಮಾತ್ರ ಅವರು ಯಥಾವತ್ತಾಗಿ ಕಾಣುತ್ತಾರೆ. ಮೂವತ್ತು ಜನರ ಚಿತ್ರದಲ್ಲಿ ಪ್ರತಿಯೊಬ್ಬನಿಗೂ ಇಪ್ಪತ್ತೊಂಬತ್ತು ಮುಖ ಸರಿ, ಒಂದು ತಪ್ಪು. ಆ ಒಂದು ಯಾವುದೆಂಬುದು ನೋಡುವವನೊಡನೆ ಬದಲಾಗುತ್ತ ಹೋಗುತ್ತದೆ. ಕ್ಯಾಮೆರಾ ಕೆಟ್ಟಿದ್ದರೆ ಹೀಗಾಗಲಾರದು.

ಇದನ್ನು ಮನುಷ್ಯನ ಆತ್ಮಪ್ರೀತಿ ಎಂದು ಹೇಳಿ ನಕ್ಕುಬಿಡುವುದು ಸುಲಭ. ಹಾಗೆ ನಗುವವರು ಒಮ್ಮೆ ತಮ್ಮ ಧ್ವನಿಯನ್ನು ಮುದ್ರಿಸಿ ಕೇಳಿಕೊಳ್ಳಬೇಕು. ನಾನು ಈಗ ಆಡುತ್ತಿರುವ ಮಾತು ನನ್ನ ಕಿವಿಗೆ ಎರಡು ದಾರಿಯಲ್ಲಿ ಬರುತ್ತದೆ: ಒಂದು ಗಾಳಿಯ ಮೂಲಕ, ಇನ್ನೊಂದು ನನ್ನದೇ ದವಡೆ ಮತ್ತು ತಲೆಯ ಮೂಳೆಗಳ ಮೂಲಕ. ಮೂಳೆಯ ದಾರಿಯಲ್ಲಿ ಬರುವ ಧ್ವನಿ ತಗ್ಗು ಸ್ವರಗಳನ್ನು ತುಂಬಿಕೊಂಡು ಬರುತ್ತದೆ. ಆದ್ದರಿಂದ ನನ್ನ ಪಾಲಿಗೆ ನನ್ನ ಕಂಠ ಸ್ವಲ್ಪ ಗಂಭೀರ. ನಿಮಗೆ ಕೇಳುವುದು ಗಾಳಿಯ ಪಾಲು ಮಾತ್ರ. ಧ್ವನಿಮುದ್ರಿಕೆಯಲ್ಲಿ ನನಗೂ ಅದೇ ಕೇಳಿಸಿದಾಗ “ಇದಾರು, ಈ ಕೀಚು ದನಿಯವರು?” ಎನ್ನಿಸುತ್ತದೆ. ಇದರಲ್ಲಿ ಅಹಂಕಾರವೇನೂ ಇಲ್ಲ. ಮೂಳೆಯ ಪಾಲು ಕಳೆದಿದೆ, ಅಷ್ಟೇ. ಮುಖದ ವಿಷಯದಲ್ಲಿಯೂ ಹೀಗೆ ಕಳೆಯುವ ಕೂಡುವ ಲೆಕ್ಕಗಳು ಹಲವಿವೆ. ಆತ್ಮಪ್ರೀತಿಯ ಪಾತ್ರ ಇಲ್ಲವೆನ್ನಲಾರೆ. ಆದರೆ ಅದು ರಂಗಕ್ಕೆ ಬರುವುದು ಕಡೆಯ ಅಂಕದಲ್ಲಿ.

ಮೊದಲು ಕನ್ನಡಿಯನ್ನು ವಿಚಾರಿಸೋಣ. ಕನ್ನಡಿ ಎಡವನ್ನು ಬಲ ಮಾಡುತ್ತದೆ, ಬಲವನ್ನು ಎಡ ಮಾಡುತ್ತದೆ ಎಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಹಾಗಾದರೆ ಅದು ತಲೆಯನ್ನು ಕೆಳಗೂ ಕಾಲನ್ನು ಮೇಲೂ ಏಕೆ ಮಾಡುವುದಿಲ್ಲ? ಕನ್ನಡಿಗೆ ಎಡಬಲಗಳ ಮೇಲೇಕೆ ಈ ವಿಶೇಷ ದ್ವೇಷ? ಉತ್ತರಕ್ಕೆ ಮುಖಮಾಡಿ ಕನ್ನಡಿಯ ಮುಂದೆ ನಿಲ್ಲಿರಿ. ಪೂರ್ವದ ಕಡೆಯ ಕೈಯೆತ್ತಿದರೆ ಬಿಂಬವೂ ಪೂರ್ವದ ಕೈಯನ್ನೇ ಎತ್ತುತ್ತದೆ. ಪಶ್ಚಿಮದ್ದು ಪಶ್ಚಿಮದಲ್ಲಿಯೇ ಇದೆ. ತಲೆ ಮೇಲೆ, ಪಾದ ಕೆಳಗೆ, ಅದರಲ್ಲಿಯೂ ವ್ಯತ್ಯಾಸವಿಲ್ಲ. ಬದಲಾದದ್ದು ಒಂದೇ: ನೀವು ಉತ್ತರಕ್ಕೆ ನೋಡುತ್ತಿದ್ದೀರಿ, ಅದು ದಕ್ಷಿಣಕ್ಕೆ ನೋಡುತ್ತಿದೆ. ಕನ್ನಡಿ ತಿರುಗಿಸುವುದು ಹಿಂದುಮುಂದನ್ನು ಮಾತ್ರ. ಎಡಬಲ ತಿರುಗಿತೆಂದು ಹೇಳುವವರು ನಾವು. ಏಕೆಂದರೆ ಅಲ್ಲಿ ನಿಂತಿರುವುದು ಇನ್ನೊಬ್ಬ ಮನುಷ್ಯನೆಂದು ಭಾವಿಸಿ, ಮನಸ್ಸಿನಲ್ಲಿಯೇ ಗಾಜಿನ ಹಿಂದಕ್ಕೆ ನಡೆದುಹೋಗಿ, ಸುತ್ತಿ ತಿರುಗಿ ನಿಂತು, ಅವನ ಬಲಗೈ ಯಾವುದೆಂದು ಲೆಕ್ಕ ಹಾಕುತ್ತೇವೆ. ಪ್ಲೇಟೋ ಕೂಡ ತನ್ನ ‘ಟಿಮೇಯಸ್’ ಸಂವಾದದಲ್ಲಿ ಈ ಎಡಬಲದ ತೊಡಕನ್ನು ಕೈಗೆತ್ತಿಕೊಂಡಿದ್ದಾನೆ. ಪ್ರಶ್ನೆ ಅಷ್ಟು ಹಳೆಯದು.

ಹೇಗೇ ಹೇಳಿದರೂ ಫಲ ಒಂದೇ. ಎದುರಿಗೆ ನಿಂತ ಮನುಷ್ಯ ನನ್ನಲ್ಲಿ ಕಾಣುವ ಮುಖವನ್ನು ನಾನು ಕನ್ನಡಿಯಲ್ಲಿ ಕಾಣುವುದಿಲ್ಲ. ಅವನಿಗೆ ನನ್ನ ಬೈತಲೆ ಒಂದು ಪಕ್ಕ, ನನಗೆ ಇನ್ನೊಂದು ಪಕ್ಕ. ಛಾಯಾಚಿತ್ರ ಎದುರಿನವನ ಪಕ್ಷ ವಹಿಸುತ್ತದೆ. ಮುದ್ರಣಾಲಯದಲ್ಲಿ ಯಾರೋ ಫಿಲ್ಮನ್ನು ತಿರುವಿಹಾಕಿ ಚಿತ್ರ ಅಚ್ಚಾದರೆ ನಮ್ಮವರು ಅದನ್ನು ಮೂಗುಕಣ್ಣುಗಳಿಂದ ಕಂಡುಹಿಡಿಯುವುದಿಲ್ಲ. ಸೀರೆಯ ಸೆರಗು ಬಲಭುಜದ ಮೇಲೆ ಬಂದಿರುವುದರಿಂದ ಕಂಡುಹಿಡಿಯುತ್ತಾರೆ. ಜನಿವಾರದ ಪಂಡಿತರ ಚಿತ್ರವಾದರೆ ಇನ್ನೂ ಅನಾಹುತ: ಉಪವೀತಿಯಾಗಿ ಕುಳಿತವರು ಅಚ್ಚಿನಲ್ಲಿ ಪ್ರಾಚೀನಾವೀತಿಯಾಗಿ, ಸನ್ಮಾನ ಸಮಾರಂಭದ ವರದಿಯ ನಡುವೆ ಪಿತೃಕಾರ್ಯಕ್ಕೆ ಕುಳಿತಂತೆ ಕಾಣುತ್ತಾರೆ.

ಮುಖದ ಎರಡು ಪಾಲುಗಳೂ ಸಮವಾಗಿದ್ದರೆ ಈ ತಿರುವಿನಿಂದ ಯಾವ ನಷ್ಟವೂ ಇರುತ್ತಿರಲಿಲ್ಲ. ಆದರೆ ಹಾಗೆ ಸಮವಾದ ಮುಖ ಶಿಲ್ಪಶಾಸ್ತ್ರದಲ್ಲಿ ಉಂಟು, ನೆರೆಹೊರೆಯಲ್ಲಿಲ್ಲ. ಒಂದು ಹುಬ್ಬು ಕೂದಲೆಳೆಯಷ್ಟು ಮೇಲೆ, ಮೂಗು ಒಂದು ಕಡೆಗೆ ತುಸು ವಾಲು, ನಕ್ಕರೆ ತುಟಿಯ ಒಂದು ಕೊನೆ ಇನ್ನೊಂದಕ್ಕಿಂತ ಮೊದಲು ಏಳುತ್ತದೆ. ಇವನ್ನು ನಾವು ಗಮನಿಸುವುದಿಲ್ಲ, ಏಕೆಂದರೆ ದಿನವೂ ಕಂಡು ಕಂಡು ಅದೇ ನೇರವೆಂದು ಕಣ್ಣು ಒಪ್ಪಿಕೊಂಡಿದೆ. ಈಗ ಲೆಕ್ಕ ನೋಡಿ. ಮೂಗು ಕನ್ನಡಿಯಲ್ಲಿ ಒಂದು ನೂಲು ಬಲಕ್ಕೆ ವಾಲಿದ್ದರೆ ಚಿತ್ರದಲ್ಲಿ ಅದು ಒಂದು ನೂಲು ಎಡಕ್ಕೆ ವಾಲುತ್ತದೆ. ನಾವು ನೇರವೆಂದು ನಂಬಿದ ಜಾಗದಿಂದ ಅದು ಎರಡು ನೂಲು ಸರಿದಂತಾಯಿತು. ಇದ್ದ ಓರೆ ನಮಗೆ ಎರಡರಷ್ಟಾಗಿ ತೋರುತ್ತದೆ. ನಮ್ಮನ್ನು ಬಲ್ಲವರಿಗೆ ಓರೆಯೇ ತೋರುವುದಿಲ್ಲ.

ಇದು ಬರಿಯ ಊಹೆಯಲ್ಲ. 1977ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೀಟಾ, ಡರ್ಮರ್ ಮತ್ತು ನೈಟ್ ಎಂಬ ಮೂವರು ಸಂಶೋಧಕರು ಬಲು ಸರಳವಾದ ಒಂದು ಪರೀಕ್ಷೆ ನಡೆಸಿದರು. ವಿದ್ಯಾರ್ಥಿನಿಯರ ಚಿತ್ರ ತೆಗೆದು ಪ್ರತಿಯೊಂದನ್ನೂ ಎರಡು ಬಗೆಯಲ್ಲಿ ಅಚ್ಚುಹಾಕಿಸಿದರು: ಒಂದು ಸಹಜವಾದದ್ದು, ಇನ್ನೊಂದು ಕನ್ನಡಿಯಲ್ಲಿ ಕಾಣುವಂಥದ್ದು. ಎರಡರಲ್ಲಿ ಯಾವುದು ಚೆನ್ನ ಎಂದು ಚಿತ್ರದ ಒಡತಿಯನ್ನೂ ಅವಳ ಆಪ್ತ ಗೆಳತಿಯನ್ನೂ ಕೇಳಿದರು. ಒಡತಿಯರ ಒಲವು ಕನ್ನಡಿಯ ಪ್ರತಿಯ ಕಡೆಗೆ, ಗೆಳತಿಯರ ಒಲವು ಸಹಜ ಪ್ರತಿಯ ಕಡೆಗೆ ವಾಲಿತು. ಅದೇ ಕಾಗದ, ಅದೇ ಬೆಳಕು, ಅದೇ ಕ್ಷಣ. ಯಾರು ಯಾವ ಮುಖವನ್ನು ಹೆಚ್ಚು ನೋಡಿದ್ದರೋ ಅದನ್ನೇ ಮೆಚ್ಚಿದರು. ಮತ್ತೆ ಮತ್ತೆ ಕಂಡದ್ದು ಕ್ರಮೇಣ ಇಷ್ಟವಾಗುತ್ತದೆಂಬ ತತ್ತ್ವವನ್ನು ರಾಬರ್ಟ್ ಝಾಯನ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿಯೇ ಅರ್ಥವಿಲ್ಲದ ಪದಗಳನ್ನೂ ಅಪರಿಚಿತ ಮುಖಗಳನ್ನೂ ತೋರಿಸಿ ಸಿದ್ಧಪಡಿಸಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ನಮ್ಮ ಗಾದೆಯಲ್ಲಿ ಹೆರುವ ಸಂಕಟದಷ್ಟೇ, ದಿನವೂ ಅದನ್ನು ನೋಡುವ ರೂಢಿಯೂ ಸೇರಿರಬೇಕು.

ಚರಿತ್ರೆಯ ಒಂದು ಸಂಗತಿ ಇಲ್ಲಿ ನೆನೆಯತಕ್ಕದ್ದು. ಗಾಜಿನ ಬೆನ್ನಿಗೆ ಬೆಳ್ಳಿಯ ತೆಳುಲೇಪ ಕೊಡುವ ರಾಸಾಯನಿಕ ವಿಧಾನವನ್ನು ಜರ್ಮನಿಯ ಯೂಸ್ಟಸ್ ಫಾನ್ ಲೀಬಿಗ್ ಕಂಡುಹಿಡಿದದ್ದು 1835ರಲ್ಲಿ. ಪ್ಯಾರಿಸ್ಸಿನಲ್ಲಿ ಡಾಗೇರನ ಛಾಯಾಚಿತ್ರಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಎಂದರೆ ಇಂದಿನ ಕನ್ನಡಿ ಮತ್ತು ಇಂದಿನ ಭಾವಚಿತ್ರ ಒಂದೇ ತಲೆಮಾರಿನ ಮಕ್ಕಳು. ಅದಕ್ಕೆ ಹಿಂದೆ ಸಾಮಾನ್ಯರು ತಮ್ಮ ಮುಖವನ್ನು ಕಂಡದ್ದು ನೀರಿನಲ್ಲಿ, ತಿಕ್ಕಿದ ತಂಬಿಗೆಯ ಹೊಟ್ಟೆಯಲ್ಲಿ. ಡಾಗೇರನ ಚಿತ್ರವಾದರೋ ಬೆಳ್ಳಿಯ ಲೇಪವಿದ್ದ, ಕನ್ನಡಿಯಂತೆ ಹೊಳೆಯುವ ತಾಮ್ರದ ತಗಡಿನ ಮೇಲೆ ಮೂಡುತ್ತಿತ್ತು. ಮತ್ತು ಕನ್ನಡಿಯಂತೆಯೇ ಅದರಲ್ಲಿ ಎಡಬಲ ಪಲ್ಲಟವಾಗಿರುತ್ತಿತ್ತು. ಮೊದಮೊದಲು ಪಟ ಹಿಡಿಸಿಕೊಂಡವರು ತಮ್ಮ ಪರಿಚಿತ ಮುಖವನ್ನೇ ಕಂಡರು. ಪಲ್ಲಟವನ್ನು ಸರಿಪಡಿಸಬೇಕೆಂದು ಮಸೂರದ ಮುಂದೆ ಇನ್ನೊಂದು ಕನ್ನಡಿಯನ್ನೋ ಪಟ್ಟಕವನ್ನೋ ಇಡುವವರೂ ಇದ್ದರು. ಮೂಲ ಫಲಕದಿಂದ ಕಾಗದಕ್ಕೆ ಅಚ್ಚಿಳಿಸುವ ಪದ್ಧತಿ ರೂಢಿಗೆ ಬಂದ ಮೇಲೆ ಮುಖಗಳು ಸಹಜವಾಗಿ ತಿರುಗಿದವು. “ಇದು ನಾನಲ್ಲ” ಎನ್ನುವುದಕ್ಕೆ ಒಂದು ಹೊಸ ಕಾರಣವೂ ಒದಗಿತು.

ತಗಡಿನ ಮೇಲೆ ನೇರವಾಗಿ ಮೂಡಿಸುವ ಅಗ್ಗದ ಚಿತ್ರಗಳು ಮಾತ್ರ ಆಮೇಲೂ ಬಹುಕಾಲ ಪಲ್ಲಟವಾಗಿಯೇ ಉಳಿದವು. ಅಮೆರಿಕದ ಬಿಲ್ಲಿ ದಿ ಕಿಡ್ ಎಂಬ ಕುಖ್ಯಾತ ಬಂದೂಕುಗಾರ 1881ರಲ್ಲಿ ಹತನಾದ. ಅವನ ಪ್ರಸಿದ್ಧ ಚಿತ್ರ ಅಂಥ ಒಂದು ತಗಡು. ಅದರಲ್ಲಿ ಪಿಸ್ತೂಲು ಅವನ ಎಡಸೊಂಟದಲ್ಲಿದ್ದಂತೆ ಕಾಣುತ್ತದೆ. ಆದ್ದರಿಂದ ಅವನು ಎಡಚನೆಂದು ಲೋಕ ನಂಬಿತು. 1958ರಲ್ಲಿ ಎಡಗೈ ಬಂದೂಕು ಎಂಬ ಅರ್ಥದ ಹೆಸರನ್ನಿಟ್ಟು ಚಲನಚಿತ್ರವನ್ನೂ ತೆಗೆದರು. ಕಡೆಗೆ ಅವನ ಕೈಯಲ್ಲಿದ್ದ ರೈಫಲ್ಲೇ ಸಾಕ್ಷಿ ನುಡಿಯಿತು. ಆ ಮಾದರಿಯ ವಿಂಚೆಸ್ಟರ್ ಬಂದೂಕಿಗೆ ಗುಂಡು ತುಂಬುವ ಕಿಂಡಿ ಇರುವುದು ಬಲಪಕ್ಕದಲ್ಲಿ, ಚಿತ್ರದಲ್ಲಿ ಕಾಣುವುದು ಎಡಪಕ್ಕದಲ್ಲಿ. ಮುಖ ನೋಡಿ ಯಾರಿಗೂ ಹೊಳೆಯದ ಸತ್ಯ ಕಬ್ಬಿಣ ನೋಡಿ ಹೊಳೆಯಿತು.

ಇನ್ನು ದೂರದ ಮಾತು. ಕನ್ನಡಿಯಲ್ಲಿ ನಮ್ಮ ಮುಖ ಎಷ್ಟು ದೊಡ್ಡದು ಎಂದು ಕೇಳಿದರೆ ಎಲ್ಲರೂ “ಇದ್ದಷ್ಟೇ” ಎನ್ನುತ್ತಾರೆ. ಒಂದು ಕಣ್ಣು ಮುಚ್ಚಿಕೊಂಡು, ಸಾಬೂನಿನ ತುಣುಕಿನಿಂದ ಬಚ್ಚಲುಮನೆಯ ಕನ್ನಡಿಯ ಮೇಲೆ ಮುಖದ ಅಂಚನ್ನು ಗುರುತುಮಾಡಿ, ಆಮೇಲೆ ಅಳೆಯಿರಿ. ಏಳೂವರೆ ಅಂಗುಲದ ಮುಖ ಗಾಜಿನ ಮೇಲೆ ಮೂರೂಮುಕ್ಕಾಲು ಅಂಗುಲವಾಗಿರುತ್ತದೆ. ಹತ್ತಿರ ನಿಂತರೂ ಅಷ್ಟೇ, ಹಿಂದೆ ಸರಿದರೂ ಅಷ್ಟೇ. ಯಾವಾಗಲೂ ಸರಿಯಾಗಿ ಅರ್ಧ. ಕಲೆಯ ಇತಿಹಾಸಕಾರ ಗೊಂಬ್ರಿಕ್ 1960ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ಹೇಳಿದ್ದಾರೆ. ನಾನು ಓದಿದ ದಿನವೇ ಎದ್ದುಹೋಗಿ ಅಳೆದು ನೋಡಿದೆ; ಮನೆಯವರ ದೃಷ್ಟಿಯಲ್ಲಿ ನಿವೃತ್ತರ ವೃತ್ತಿಗಳ ಪಟ್ಟಿಗೆ ಇನ್ನೊಂದು ಸೇರಿತು. ಕಾರಣ ಕಷ್ಟದ್ದಲ್ಲ. ಬಿಂಬ ಗಾಜಿನ ಮೇಲಿಲ್ಲ, ಗಾಜಿನ ಹಿಂದೆ ನಾವು ನಿಂತಷ್ಟೇ ದೂರದಲ್ಲಿದೆ. ಒಂದೂವರೆ ಅಡಿ ದೂರದಿಂದ ಕ್ಷೌರ ಮಾಡಿಕೊಳ್ಳುವವನು ಮೂರು ಅಡಿ ದೂರದ ಮನುಷ್ಯನೊಬ್ಬನನ್ನು ನೋಡುತ್ತಿದ್ದಾನೆ.

ಈ ಮೂರು ಅಡಿ ಬಹಳ ಮುಖ್ಯ. ಮೂಗಿನ ತುದಿಗಿಂತ ಕಿವಿ ಸುಮಾರು ಐದು ಅಂಗುಲ ಹಿಂದಿದೆಯೆಂದು ಇಟ್ಟುಕೊಳ್ಳಿ. ಮೂವತ್ತಾರು ಅಂಗುಲ ದೂರದಿಂದ ನೋಡುವವನಿಗೆ ಈ ಐದು ಅಂಗುಲ ಒಂದು ಲೆಕ್ಕವಲ್ಲ. ಹನ್ನೆರಡು ಅಂಗುಲಕ್ಕೆ ಬಂದರೆ ಮೂಗು ಹನ್ನೆರಡರಲ್ಲಿ, ಕಿವಿ ಹದಿನೇಳರಲ್ಲಿ. ಹತ್ತಿರದ್ದು ಹಿಗ್ಗುತ್ತದೆ, ದೂರದ್ದು ಕುಗ್ಗುತ್ತದೆ. ಮೂಗು ಉಬ್ಬಿ ಕಿವಿಗಳು ಹಿಂದಕ್ಕೆ ಓಡಿಹೋಗುತ್ತವೆ. ಇದು ಮಸೂರದ ದೋಷವೆಂದು ಜನ ದೂರುತ್ತಾರೆ. ಮಸೂರ ನಿರಪರಾಧಿ, ದೋಷ ದೂರದ್ದು. ಹಳೆಯ ಸ್ಟುಡಿಯೋದವರು ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಕರಿಬಟ್ಟೆಯೊಳಗೆ ತಲೆಯಿಟ್ಟು, ಐದಾರು ಅಡಿ ದೂರದಿಂದ ನಮ್ಮನ್ನು ನೋಡುತ್ತಿದ್ದರು. ಮರ್ಯಾದಸ್ಥರು ಪರಸ್ಪರ ಮಾತಾಡುವ ದೂರ ಅದು. ಈಗಿನ ಕೈಫೋನಿನ ಕ್ಯಾಮೆರಾ ಒಂದು ತೋಳಿನಷ್ಟೂ ದೂರ ಹೋಗುವುದಿಲ್ಲ. ಅಷ್ಟು ಹತ್ತಿರದಿಂದ ನಮ್ಮ ಮುಖವನ್ನು ನೋಡುವ ಹಕ್ಕು ತೊಡೆಯ ಮೇಲಿನ ಕೂಸಿಗೆ ಉಂಟು, ಬೇರೆ ಯಾರಿಗೂ ಇಲ್ಲ.

ನಗೆಯಾಡಿದೆ, ಆದರೆ ಇದರ ಹಿಂದೆ ನೋವೂ ಇದೆ. ತಮ್ಮ ಫೋನಿನಲ್ಲಿ ತಾವೇ ತೆಗೆದುಕೊಂಡ ಚಿತ್ರಗಳನ್ನು ತೋರಿಸಿ ಮೂಗನ್ನು ಚಿಕ್ಕದು ಮಾಡಿಕೊಡಿರೆಂದು ಶಸ್ತ್ರವೈದ್ಯರ ಬಳಿಗೆ ಬರುವ ಯುವಜನರು ಹೆಚ್ಚಾದದ್ದನ್ನು ಕಂಡು, ಅಮೆರಿಕದ ಕೆಲವು ವೈದ್ಯರು ಗಣಿತ ಹಾಕಿ 2018ರಲ್ಲಿ ಪ್ರಕಟಿಸಿದರು: ಐದು ಅಡಿ ದೂರದಿಂದ ಕಾಣುವುದಕ್ಕಿಂತ ಹನ್ನೆರಡು ಅಂಗುಲದಿಂದ ತೆಗೆದ ಚಿತ್ರದಲ್ಲಿ ಮೂಗಿನ ಅಗಲ ಶೇಕಡಾ 30ರಷ್ಟು ಹೆಚ್ಚಾಗಿ ತೋರುತ್ತದೆ. ಇಲ್ಲದ ಮೂಗನ್ನು ಕತ್ತರಿಸಲು ಇರುವ ಮೂಗನ್ನು ಒಪ್ಪಿಸಲು ಬಂದ ಮಕ್ಕಳಿಗೆ, ಮೊದಲು ಎರಡು ಹೆಜ್ಜೆ ಹಿಂದೆ ನಿಲ್ಲಿ ಎಂದು ಹೇಳುವ ಹಿರಿಯರು ಹತ್ತಿರದಲ್ಲಿದ್ದರೋ ಇಲ್ಲವೋ.

ದೂರಕ್ಕಿಂತ ನನ್ನನ್ನು ಹೆಚ್ಚು ಕಾಡಿರುವುದು ಬಣ್ಣ. ಛಾಯಾಚಿತ್ರದ ಮೊದಲ ಫಲಕಗಳು ನೇರಳೆ ಮತ್ತು ನೀಲಿ ಬೆಳಕಿಗೆ ಮಾತ್ರ ಕಣ್ತೆರೆಯುತ್ತಿದ್ದವು. ಕೆಂಪಿಗೆ ಅವು ಕುರುಡು. 1873ರಲ್ಲಿ ಬರ್ಲಿನ್ನಿನ ಫೋಗೆಲ್ ಫಲಕಕ್ಕೆ ಬಣ್ಣದ ರಸ ಸೇರಿಸಿ ಅದರ ದೃಷ್ಟಿಯನ್ನು ಹಸಿರಿನ ಕಡೆಗೆ ವಿಸ್ತರಿಸಿದ. ಕೆಂಪನ್ನೂ ಕಾಣಬಲ್ಲ ಫಲಕಗಳು 1906ರ ಸುಮಾರಿಗೆ ಮಾರಾಟಕ್ಕೆ ಬಂದರೂ ಹಳೆಯ ಬಗೆಯವು ಬಹುಕಾಲ ಉಳಿದುಕೊಂಡವು. ಕೆಂಪು ದೀಪದ ಬೆಳಕಿನಲ್ಲಿ ಅವನ್ನು ತೊಳೆಯಬಹುದಾಗಿತ್ತು, ಅದೇ ಅವುಗಳ ಅನುಕೂಲ. ಅಂಥ ಫಲಕದಲ್ಲಿ ನೀಲಿ ಬೆಳ್ಳಗಾಗುತ್ತದೆ, ಕೆಂಪು ಕಪ್ಪಾಗುತ್ತದೆ. ಕೆಂಪು ಛಾಯೆಯುಳ್ಳ ನಮ್ಮ ಗೋಧಿ ಮೈಬಣ್ಣ ಒಂದು ಪಟ್ಟು ಇಳಿಯುತ್ತದೆ. ತಾಂಬೂಲದ ತುಟಿ ಮಸಿಯಾಗುತ್ತದೆ. ಹಣೆಯ ಕುಂಕುಮ ಕಾಡಿಗೆಯಾಗುತ್ತದೆ.

ನಮ್ಮ ಅಜ್ಜಿಯ ಪಟ ಅಂಥದ್ದು. 1930ರ ದಶಕದಲ್ಲಿ ದಸರೆಗೆಂದು ಮೈಸೂರಿಗೆ ಹೋದಾಗ ತಾತ ಒತ್ತಾಯಮಾಡಿ ತೆಗೆಸಿದ್ದು. ಹಾಸನದ ಕಡೆಯ ನಮ್ಮ ಹಳ್ಳಿಮನೆಯ ನಡುಮನೆಯಲ್ಲಿ ಅದು ತೂಗುಹಾಕಿತ್ತು. ಪಟ ಹಿಡಿಸಿಕೊಂಡರೆ ಆಯಸ್ಸು ಕಡಮೆಯಾಗುತ್ತದೆಂದು ಆಕೆಯ ಓರಗೆಯವರು ನಂಬಿದ್ದ ಕಾಲ. ಅಜ್ಜಿಯ ದೂರು ಅದಲ್ಲ. ನಾನು ಹುಡುಗನಾಗಿದ್ದಾಗ ಕೇಳಿದರೆ, “ಅದ್ಯಾರೋ ದೃಷ್ಟಿಬೊಟ್ಟು ಇಟ್ಕೊಂಡೋಳು ಕಣೋ ಮಗ, ನಾನಲ್ಲ. ಮೂಗುಬೊಟ್ಟೂ ಆ ಕಡೆಗೆ ಹಾಕಿದಾಳೆ ನೋಡು” ಎನ್ನುತ್ತಿದ್ದಳು. ಮನೆಮಂದಿ ನಗುತ್ತಿದ್ದರು, ಪಟದಲ್ಲಿ ಮೂಗುಬೊಟ್ಟು ಸರಿಯಾದ ಕಡೆಯಲ್ಲಿಯೇ ಇದೆಯೆಂದು ಎಲ್ಲರಿಗೂ ಕಾಣುತ್ತಿತ್ತಲ್ಲ. ಅಜ್ಜಿಯ ಬಳಿ ಇದ್ದದ್ದು ಕುಂಕುಮದ ಭರಣಿಯ ಜೊತೆಗಿಡುವ ಅಂಗೈಯಗಲದ ಒಂದು ಕನ್ನಡಿ. ಅದರಲ್ಲಿ ಹಣೆ ಕಂಡರೆ ಗಲ್ಲ ಕಾಣದು. ಎಪ್ಪತ್ತು ವರ್ಷ ಆಕೆ ತನ್ನ ಮುಖವನ್ನು ಬಿಡಿಬಿಡಿಯಾಗಿ, ತಿರುಗುಮುರುಗಾಗಿ, ಕೆಂಪು ಕುಂಕುಮದೊಡನೆ ಕಂಡವಳು. ಇಡಿಯಾಗಿ, ನೇರವಾಗಿ, ಕಪ್ಪು ಬೊಟ್ಟಿನೊಡನೆ ಕಾಣುವ ಹೆಂಗಸು ಅವಳಿಗೆ ಪರಕೀಯಳಾದದ್ದು ಪೂರಾ ನ್ಯಾಯ.

ಅವಳು ತೀರಿಕೊಂಡ ಮೇಲೆ ಆ ಪಟವೇ ಅಜ್ಜಿಯಾಯಿತು. ಬೇರೆ ಪಟವಿಲ್ಲ. ಈಚೆಗೆ ನಮ್ಮ ಮನೆಯ ಒಬ್ಬ ಹುಡುಗ ಅದನ್ನು ಕಂಪ್ಯೂಟರಿಗೆ ಕೊಟ್ಟು ಬಣ್ಣ ತುಂಬಿಸಿ ತಂದ. ಸೀರೆಗೆ ಕಡು ಹಸಿರು ಬಂದಿತ್ತು, ಮುಖಕ್ಕೆ ಮಾಗಿದ ಕಂದು. ಹಣೆಯ ಬೊಟ್ಟು ಕಪ್ಪಾಗಿಯೇ ಉಳಿದಿತ್ತು. ಯಂತ್ರಕ್ಕೆ ಕಪ್ಪು ಕಪ್ಪೇ. ಅದು ಕಾಸಿನಗಲದ ಕೆಂಪು ಕುಂಕುಮವೆಂದು ಬಲ್ಲವರು ಈಗ ನಾನು ಮತ್ತು ನನ್ನ ದೊಡ್ಡಪ್ಪನ ಮಗಳು, ಇಬ್ಬರೇ. ಹುಡುಗನಿಗೆ ಹೇಳಿ ತಿದ್ದಿಸಿದೆ. ಸೀರೆಯ ಬಣ್ಣ ಯಾವುದಿತ್ತೆಂದು ಅವನು ಕೇಳಿದ. ಅದನ್ನು ಬಲ್ಲವರು ಯಾರೂ ಇಲ್ಲ.

ವರ್ಣಚಿತ್ರಗಳ ಕಾಲ ಬಂದ ಮೇಲೆ ಈ ತೊಂದರೆ ಮುಗಿಯಿತೆಂದು ತಿಳಿಯಬಾರದು. ಅಮೆರಿಕದ ಸಂಸ್ಕರಣಾಲಯಗಳಲ್ಲಿ ಬಣ್ಣದ ಹದ ನೋಡಲು ಕೊಡಕ್ ಸಂಸ್ಥೆ ಕೊಡುತ್ತಿದ್ದ ಮಾದರಿ ಚಿತ್ರದಲ್ಲಿ ಬಹುಕಾಲ ಇದ್ದದ್ದು ಬಿಳಿಯ ಮೈಬಣ್ಣದ ತರುಣಿ. ‘ಶರ್ಲಿ’ ಎಂದೇ ಅದನ್ನು ಕರೆಯುತ್ತಿದ್ದರು. ಅವಳ ಕೆನ್ನೆ ಸರಿಯಾದರೆ ಲೋಕದ ಕೆನ್ನೆಗಳೆಲ್ಲ ಸರಿ. ಕಪ್ಪು ಮುಖದ ಏರಿಳಿತಗಳು ಆ ಫಿಲ್ಮಿನಲ್ಲಿ ಕತ್ತಲೆಯಲ್ಲಿ ಮುಳುಗುತ್ತಿದ್ದವು. ಕಂದು ಬಣ್ಣದ ಸೂಕ್ಷ್ಮಗಳು ಬರುವುದಿಲ್ಲವೆಂದು ಚಾಕೊಲೇಟಿನವರೂ ಮರದ ಪೀಠೋಪಕರಣದವರೂ ದೂರಿದ ಮೇಲೆ ಫಿಲ್ಮನ್ನು ಸುಧಾರಿಸಿದರೆಂದು ಈ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಮನುಷ್ಯರ ಮುಖಕ್ಕಾಗಿ ಆಗದ ಕೆಲಸ ಮೇಜು ಕುರ್ಚಿಗಳಿಗಾಗಿ ಆಯಿತು.

ಬೆಳಕು ದೂರ ಬಣ್ಣಗಳನ್ನು ಬಿಟ್ಟು ಕಾಲಕ್ಕೆ ಬರುತ್ತೇನೆ. ಕನ್ನಡದಲ್ಲಿ ವ್ಯಕ್ತಿಯ ಚಿತ್ರಕ್ಕೆ ‘ಭಾವಚಿತ್ರ’ ಎನ್ನುತ್ತೇವೆ. ಈ ಪದವನ್ನು ಬಳಕೆಗೆ ತಂದವರು ಯಾರೇ ಆಗಿರಲಿ, ಕ್ಯಾಮೆರಾದ ಶಕ್ತಿಯನ್ನು ಬಹಳ ಹೆಚ್ಚಾಗಿ ನಂಬಿದ್ದರು. ಭರತನ ನಾಟ್ಯಶಾಸ್ತ್ರ ಎಂಟು ಸ್ಥಾಯಿಭಾವಗಳನ್ನೂ ಮೂವತ್ತಮೂರು ಸಂಚಾರಿಭಾವಗಳನ್ನೂ ಎಣಿಸುತ್ತದೆ. ಸಂಚಾರಿ ಎಂಬುದು ಅಲೆಯಂತೆ ಬಂದುಹೋಗತಕ್ಕದ್ದು. ಬಂದುಹೋಗುವುದರಿಂದಲೇ ಅದಕ್ಕೆ ಚೆಲುವು. ಮುಖವೆಂದರೆ ಇಂಥ ಅಲೆಗಳ ಓಟ. ಕ್ಯಾಮೆರಾ ಈ ಓಟದ ನಡುವೆ ಸೆಕೆಂಡಿನ ನೂರರಲ್ಲಿ ಒಂದು ಪಾಲನ್ನು ಕತ್ತರಿಸಿ ಹಿಡಿದು, ಎರಡು ಭಾವಗಳ ನಡುವಿನ ಯಾವುದೋ ಹೆಸರಿಲ್ಲದ ಘಳಿಗೆಯನ್ನು ಶಾಶ್ವತ ಮಾಡುತ್ತದೆ. ಮಾತಿನ ನಡುವೆ ಅರೆಮುಚ್ಚಿದ ಕಣ್ಣು, ‘ಅ’ಕಾರಕ್ಕೂ ‘ಉ’ಕಾರಕ್ಕೂ ನಡುವೆ ಸಿಕ್ಕಿಕೊಂಡ ತುಟಿ. ಎದುರಿಗೆ ಕುಳಿತವರು ಆ ಮುಖವನ್ನು ಎಂದೂ ಕಂಡಿರುವುದಿಲ್ಲ, ಅದು ಅವರ ಕಣ್ಣಿಗೆ ನಿಲ್ಲುವುದೇ ಇಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಜನರ ಚಲಿಸುವ ಚಿತ್ರವನ್ನೂ ಅದೇ ಸುರುಳಿಯಿಂದ ಬಿಡಿಸಿದ ನಿಶ್ಚಲ ಚಿತ್ರಗಳನ್ನೂ ತೋರಿಸಿ ನೋಡಿದರು. ಅದೇ ಮುಖಗಳು ಚಲಿಸುವಾಗಲೇ ಹೆಚ್ಚು ಚೆನ್ನಾಗಿ ಕಂಡವು. ಕನ್ನಡಿ ಚಲಿಸುತ್ತದೆ, ಪಟ ಚಲಿಸುವುದಿಲ್ಲ.

ಕನ್ನಡಿಗೆ ಒಂದು ದೊಡ್ಡ ಕೊರತೆಯೂ ಇದೆ. ಅದರಲ್ಲಿ ನಾವು ಯಾವಾಗಲೂ ನಮ್ಮ ಕಣ್ಣನ್ನೇ ದಿಟ್ಟಿಸುತ್ತಿರುತ್ತೇವೆ. ತನ್ನ ಎರಡು ಕಣ್ಣುಗಳ ರೆಪ್ಪೆಯೂ ಬಾಗಿರುವುದನ್ನು ಕನ್ನಡಿಯಲ್ಲಿ ಕಂಡವರಿಲ್ಲ. ಅಲ್ಲದೆ, ಅದರ ಮುಂದೆ ನಿಂತ ಕ್ಷಣವೇ ಮುಖ ತಾನಾಗಿ ಸಜ್ಜಾಗುತ್ತದೆ. ಗದ್ದ ತುಸು ಏಳುತ್ತದೆ, ಹುಬ್ಬು ಸಡಿಲವಾಗುತ್ತದೆ. ಅದು ಕನ್ನಡಿಗೆಂದೇ ಇಟ್ಟುಕೊಂಡ ಮುಖ, ಮಡಿಸಿಟ್ಟ ಪಂಚೆಯಂತೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ತರಗತಿಗಳಲ್ಲಿ ಪಾಠ ಹೇಳಿದೆ. ಆ ಸಾವಿರಾರು ಮಕ್ಕಳಿಗೆ ಪರಿಚಿತವಾಗಿರುವ, ಛಂದಸ್ಸು ವಿವರಿಸುವಾಗಿನ ನನ್ನ ಮುಖವನ್ನು ನಾನು ಕನ್ನಡಿಯಲ್ಲಿ ಒಮ್ಮೆಯೂ ಕಂಡಿಲ್ಲ. ಯಾರೋ ವಿದ್ಯಾರ್ಥಿ ಬಾಗಿಲ ಮರೆಯಿಂದ ತೆಗೆದ ಒಂದು ಚಿತ್ರದಲ್ಲಿ ಕಂಡೆ: ಹುಬ್ಬು ಗಂಟಿಕ್ಕಿ, ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದ ಒಬ್ಬ ಕೋಪಿಷ್ಠ. ನನಗೆ ಅಪರಿಚಿತ. ಅದನ್ನು ಮನೆಯಲ್ಲಿ ತೋರಿಸಿದಾಗ ನನ್ನ ಹೆಂಡತಿ, “ಇದೊಂದೇ ನೋಡಿ ಸರಿಯಾಗಿ ಬಂದಿರೋದು” ಎಂದಳು. ಆಗ ನನಗೆ ಕೋಪವಿರಲಿಲ್ಲ. ಲಲಿತ ರಗಳೆಯ ಮಾತ್ರೆ ಎಣಿಸುತ್ತಿದ್ದೆ.

ಮೈಸೂರಿನ ಟಿ. ಎಸ್. ಸತ್ಯನ್, 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಆ ದೊಡ್ಡ ಛಾಯಾಚಿತ್ರಕಾರರು, ತಮ್ಮ ಕನ್ನಡದ ನೆನಪುಗಳಿಗೆ ‘ಕಾಲಕ್ಕೆ ಕನ್ನಡಿ’ ಎಂದು ಹೆಸರಿಟ್ಟರು. ಹೆಸರು ಸೊಗಸಾಗಿದೆ. ಆದರೆ ಕನ್ನಡಿಯಲ್ಲಿ ಕಾಲ ನಿಲ್ಲುವುದಿಲ್ಲ. ಅದು ನಮ್ಮ ಜೊತೆಗೇ ಮುದಿಯಾಗುತ್ತ, ದಿನಕ್ಕೆ ಎಳ್ಳಷ್ಟು ಬದಲಾಗುತ್ತ, ನಮಗೆ ಗೊತ್ತಾಗದಂತೆ ನಡೆಸಿಕೊಂಡು ಹೋಗುತ್ತದೆ. ಹತ್ತು ವರ್ಷದ ಲೆಕ್ಕವನ್ನು ಒಂದೇ ಸಲ ಮುಂದಿಡುವುದು ಪಟ.

ಆತ್ಮಪ್ರೀತಿಯನ್ನು ಕಡೆಯ ಅಂಕಕ್ಕೆ ಇರಿಸಿಕೊಂಡಿದ್ದೆ. ಅದರದು ಸಣ್ಣ ಪಾತ್ರ. 2008ರಲ್ಲಿ ಎಪ್ಲಿ ಮತ್ತು ವಿಚರ್ಚ್ ಎಂಬಿಬ್ಬರು, ಒಬ್ಬೊಬ್ಬರ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಹೆಚ್ಚು ಚೆಲುವಾದ ಮುಖದೊಡನೆಯೂ ಕಡಮೆ ಚೆಲುವಾದ ಮುಖದೊಡನೆಯೂ ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ, ನಿಮ್ಮ ನಿಜವಾದ ಮುಖ ಯಾವುದು ಎಂದು ಕೇಳಿದರು. ಜನ ತುಸು ಚೆಲುವು ಬೆರೆತದ್ದನ್ನು ತಮ್ಮದೆಂದು ಆರಿಸಿಕೊಂಡರು. ಗೆಳೆಯರ ಮುಖಕ್ಕೂ ಇದೇ ಔದಾರ್ಯ ತೋರಿದರು. ಅಪರಿಚಿತರಿಗೆ ಮಾತ್ರ ಇಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿ ಒಂಬತ್ತು ಶತಮಾನಗಳಿಂದ ಲೋಹದ ಕನ್ನಡಿಯನ್ನು ನೋಡುತ್ತ ನಿಂತಿದ್ದಾಳೆ. ಅವಳ ತುಟಿಯಂಚಿನ ತೃಪ್ತಿಯನ್ನು ಕಂಡರೆ, ಶಿಲ್ಪಿ ಕಡೆದ ಚೆಲುವಿಗಿಂತ ಒಂದು ಗುಲಗಂಜಿ ಹೆಚ್ಚನ್ನೇ ಅವಳು ಅದರಲ್ಲಿ ಕಾಣುತ್ತಿರಬಹುದು.

ಪಟದ ನೆರವಿಲ್ಲದೆ, ಊರು ಕಾಣುವ ತನ್ನ ಮುಖವನ್ನು ತಾನೇ ಕಾಣಬೇಕೆಂಬ ಕುತೂಹಲವುಳ್ಳವರಿಗೆ ಒಂದು ಉಪಾಯವಿದೆ. ಚೌಕಟ್ಟಿಲ್ಲದ ಎರಡು ಕನ್ನಡಿಗಳನ್ನು ಮೇಜಿನ ಮೇಲೆ ತೆರೆದ ಪುಸ್ತಕದಂತೆ ನಿಲ್ಲಿಸಿ, ಅಂಚಿಗೆ ಅಂಚು ಕೂಡಿಸಿ, ನಡುವೆ ಸರಿಯಾಗಿ ಲಂಬಕೋನ ಬರುವಂತೆ ಮಾಡಬೇಕು. ಕೋನ ಸ್ವಲ್ಪ ತಪ್ಪಿದರೂ ಮೂಗು ಸಂದಿಯಲ್ಲಿ ನುಂಗಿಹೋಗುತ್ತದೆ, ಇಲ್ಲವೆ ಅಗಲವಾಗುತ್ತದೆ. ಸರಿಯಾಯಿತೆಂಬುದಕ್ಕೆ ಗುರುತು: ಈ ವಾರಪತ್ರಿಕೆಯನ್ನು ಹಿಡಿದರೆ ಅದರ ಹೆಸರನ್ನು ಸಂದಿಯಲ್ಲಿ ನೇರವಾಗಿ ಓದಲು ಬರಬೇಕು. ಎರಡು ಸಲ ತಿರುಗಿದ ಬಿಂಬ ತಿರುಗದಂತಾಗುತ್ತದೆ. ಈಗ ಆ ಸಂದಿಯನ್ನು ನೋಡಿ. ಬಲಗೈ ಎತ್ತಿದರೆ ಎದುರಿನವನು, ನೆರೆಮನೆಯವನಂತೆ, ಅಡ್ಡ ಪಕ್ಕದ ಕೈ ಎತ್ತುತ್ತಾನೆ. ತಲೆ ವಾಲಿಸಿದರೆ ಅವನದು ಇನ್ನೊಂದು ಕಡೆಗೆ ವಾಲುತ್ತದೆ. ನನ್ನ ಹೆಂಡತಿ ಅದರ ಮುಂದೆ ಕುಂಕುಮವಿಡಲು ಹೋಗಿ ಹುಬ್ಬಿನ ಮೇಲೆ ಇಟ್ಟುಕೊಂಡಳು. ನಾನು ಅದರ ಮುಂದೆ ಕ್ಷೌರದ ಕತ್ತಿ ಹಿಡಿಯಲಿಲ್ಲ, ನೀವೂ ಹಿಡಿಯಬೇಡಿ.